ಮೂರು ಕೋರ್ಟು, ಮೂರು ವಯಸ್ಸು



ಈಗಿನ ಹಿರಿತನದ ಸಾಲು ತಪ್ಪದೆ ನಡೆದರೆ 2027ರ ಸೆಪ್ಟೆಂಬರ್ 24ರಂದು ಕನ್ನಡತಿಯೊಬ್ಬರು ಭಾರತದ ಮುಖ್ಯ ನ್ಯಾಯಮೂರ್ತಿಯಾಗುತ್ತಾರೆ. ಅವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಆ ಸ್ಥಾನಕ್ಕೆ ಬರುವ ಮೊದಲ ಮಹಿಳೆ ಅವರೇ ಆಗಿರುತ್ತಾರೆ. ಆದರೆ ಅಕ್ಟೋಬರ್ 29ಕ್ಕೆ ಅವರು ಇಳಿಯಬೇಕು, ಏಕೆಂದರೆ ಮರುದಿನ ಅವರಿಗೆ 65 ತುಂಬುತ್ತದೆ. ಎಣಿಸಿದರೆ 36 ದಿನ. ಅವರ ತಂದೆ, ಮಂಡ್ಯ ಜಿಲ್ಲೆಯ ಇ.ಎಸ್. ವೆಂಕಟರಾಮಯ್ಯ ಅವರು, 1989ರ ಜೂನ್ 19ರಿಂದ ಡಿಸೆಂಬರ್ 17ರವರೆಗೆ ಅದೇ ಸ್ಥಾನದಲ್ಲಿದ್ದರು. ಕರ್ನಾಟಕದವರೇ ಆದ ಎಸ್. ರಾಜೇಂದ್ರ ಬಾಬು ಅವರಿಗೆ 2004ರ ಮೇ ತಿಂಗಳಲ್ಲಿ ಸಿಕ್ಕದ್ದು ಮೂವತ್ತು ದಿನ. ಇವರಲ್ಲಿ ಯಾರನ್ನೂ ಯಾರೂ ಕೆಳಗಿಳಿಸಿದ್ದಲ್ಲ. ಸಂವಿಧಾನ ಬರೆದಿಟ್ಟ ಒಂದು ಅಂಕಿ ಇಳಿಸುತ್ತದೆ.

ದಿಲ್ಲಿಯ ಈ ಲೆಕ್ಕ ನಮ್ಮ ಕೊಪ್ಪಳದ ಭಾಗ್ಯನಗರದಲ್ಲಿ ಮಗ್ಗದ ಮುಂದೆ ಕೂತು ರೇಡಿಯೊ ಕೇಳುವವರಿಗೆ ಯಾಕೆ ಬೇಕು? ಬೇಕು ಎಂದು ಹೇಳಲಿಕ್ಕೇ ನಾನು ಇವತ್ತು ಮಾತಾಡುತ್ತಿದ್ದೇನೆ. ನ್ಯಾಯಾಧೀಶರು ಮನೆಗೆ ಹೋಗುವ ತಾರೀಖು ಅವರೊಬ್ಬರದೇ ಅಲ್ಲ. ಅದರ ಆಚೆ ಈಚೆ ನಮ್ಮ ಹೊಲದ ಪಾಲಿನ ದಾವೆ, ಗಂಡ ಬಿಟ್ಟ ಹೆಣ್ಣುಮಗಳ ಜೀವನಾಂಶದ ಅರ್ಜಿ, ರಸ್ತೆಯಲ್ಲಿ ಸತ್ತ ಮಗನ ಪರಿಹಾರ ಎಲ್ಲ ನಿಂತಿರುತ್ತವೆ. ಕೊಪ್ಪಳದ ಕೋರ್ಟಿನ ಆವರಣದಲ್ಲಿ ಬೆಳಗಿನ ಹನ್ನೊಂದರ ಹೊತ್ತಿಗೆ ಒಮ್ಮೆ ನಿಂತು ನೋಡಿ. ಒಂದು ದಿನದ ಕೂಲಿ ಬಿಟ್ಟು, ಬುತ್ತಿ ಕಟ್ಟಿಕೊಂಡು, ಹಳ್ಳಿಯ ಮೊದಲ ಬಸ್ಸಿಗೆ ಬಂದವರು ಅಲ್ಲಿರುತ್ತಾರೆ. "ಸಾಹೇಬ್ರು ರಿಟೈರ್ ಆಗ್ಯಾರ, ಹೊಸಬರು ಬರಬೇಕು, ಮುಂದಿನ ತಾರೀಖು ಬರಕೋರಿ" ಎಂಬ ಒಂದು ಮಾತು ಕೇಳಿಸಿಕೊಂಡು ಅದೇ ಬಸ್ಸಿನಲ್ಲಿ ವಾಪಸು ಹೋಗುತ್ತಾರೆ.

ನಮ್ಮ ದೇಶದಲ್ಲಿ ನ್ಯಾಯಾಧೀಶರಿಗೆ ಮೂರು ನಿವೃತ್ತಿ ವಯಸ್ಸುಗಳಿವೆ. ಸುಪ್ರೀಂ ಕೋರ್ಟಿನವರಿಗೆ 65, ಹೈಕೋರ್ಟಿನವರಿಗೆ 62, ಜಿಲ್ಲೆ ತಾಲ್ಲೂಕಿನ ನ್ಯಾಯಾಧೀಶರಿಗೆ ಕರ್ನಾಟಕದಲ್ಲಿ 60. ವಯಸ್ಸಿನ ಗಡಿ ಇರಬೇಕು, ಗಟ್ಟಿಯಾಗಿಯೇ ಇರಬೇಕು ಎಂಬುದು ನನ್ನ ನಂಬಿಕೆ. ಆದರೆ ಆ ಗಡಿ ಮೂರು ಕಡೆ ಮೂರು ಬಗೆಯಾಗಿರುವುದಕ್ಕೆ ನ್ಯಾಯದ ಆಧಾರ ನನಗೆ ಕಾಣುವುದಿಲ್ಲ.

ಈ ಅಂಕಿಗಳು ಎಲ್ಲಿಂದ ಬಂದವು? ಬ್ರಿಟಿಷರು 1935ರಲ್ಲಿ ಮಾಡಿದ ಭಾರತ ಸರ್ಕಾರದ ಕಾಯ್ದೆಯಲ್ಲಿ ಫೆಡರಲ್ ಕೋರ್ಟಿನ ನ್ಯಾಯಾಧೀಶರಿಗೆ 65, ಹೈಕೋರ್ಟಿನವರಿಗೆ 60 ಎಂದಿತ್ತು. 1949ರ ಮೇ 24ರಂದು ಸಂವಿಧಾನ ಸಭೆಯಲ್ಲಿ ಇದು ಚರ್ಚೆಗೆ ಬಂತು. ಸುಪ್ರೀಂ ಕೋರ್ಟಿಗೂ 60 ಸಾಕು ಎಂದವರಿದ್ದರು. ಅದನ್ನು ಒಪ್ಪದೆ ಎದ್ದು ನಿಂತವರು ನೆಹರೂ. ಐನ್‌ಸ್ಟೈನ್‌ಗೆ ಅರವತ್ತು ದಾಟಿದೆ, ಇನ್ನು ನಿನ್ನ ಪ್ರಯೋಗಗಳನ್ನು ಮನೆಯಲ್ಲಿ ಮಾಡಿಕೋ ಎಂದು ಯಾವ ಸರ್ಕಾರವಾದರೂ ಹೇಳೀತೇ ಎಂಬ ಅರ್ಥದ ಮಾತನ್ನು ಅವರು ಅಂದು ಆಡಿದರು. 65 ಉಳಿಯಿತು. ಹೈಕೋರ್ಟಿಗೆ ಮಾತ್ರ 60 ಎಂದೇ ಆಯಿತು. 1963ರಲ್ಲಿ ಹದಿನೈದನೆಯ ತಿದ್ದುಪಡಿ ಅದನ್ನು 62 ಮಾಡಿತು. ಅಲ್ಲಿಂದೀಚೆಗೆ ಆ ಅಂಕಿ ಅಲುಗಾಡಿಲ್ಲ. ಈ ಅರವತ್ತು ವರ್ಷದಲ್ಲಿ ನಮ್ಮ ಜನರ ಆಯುಸ್ಸು ಎಷ್ಟು ಬೆಳೆದಿದೆ ಎಂಬುದನ್ನು ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ.

ಅದೇ ಹದಿನೈದನೆಯ ತಿದ್ದುಪಡಿಯಲ್ಲಿ ಇನ್ನೊಂದು ಸಾಲು ಸೇರಿತು. ಹೈಕೋರ್ಟ್ ನ್ಯಾಯಾಧೀಶರ ವಯಸ್ಸಿನ ಬಗ್ಗೆ ತಕರಾರು ಬಂದರೆ ರಾಷ್ಟ್ರಪತಿಗಳು ಭಾರತದ ಮುಖ್ಯ ನ್ಯಾಯಮೂರ್ತಿಗಳನ್ನು ಕೇಳಿ ತೀರ್ಮಾನಿಸಬೇಕು, ಅದೇ ಅಂತಿಮ ಎಂದು. ನ್ಯಾಯಾಧೀಶರ ವಯಸ್ಸಿಗೂ ತಕರಾರು ಬಂದೀತೇ? ಬಂದಿತ್ತು. ಕಲ್ಕತ್ತಾ ಹೈಕೋರ್ಟಿನಲ್ಲಿ ಜ್ಯೋತಿ ಪ್ರಕಾಶ್ ಮಿತ್ತರ್ ಎಂಬ ನ್ಯಾಯಮೂರ್ತಿಗಳಿದ್ದರು. ನೇಮಕದ ಹೊತ್ತಿಗೆ ಅವರು ಕೊಟ್ಟ ಜನ್ಮವರ್ಷ 1904. ಮೆಟ್ರಿಕ್ ಪರೀಕ್ಷೆಯ ಹಳೆಯ ದಾಖಲೆ ತೆಗೆದರೆ 1901 ಎಂದು ಬಂತು. 1961ಕ್ಕೇ 60 ಆಗಿದೆ ಎಂದು ಅವರಿಗೆ ಕೆಲಸ ನಿಲ್ಲಿಸಲಾಯಿತು. ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು. ಹೊಸ ಸಾಲಿನಂತೆ ರಾಷ್ಟ್ರಪತಿಗಳೇ ಇದನ್ನು ನಿರ್ಧರಿಸಲಿ ಎಂದು ಕೋರ್ಟು ಹೇಳಿತು. ರಾಷ್ಟ್ರಪತಿಗಳು 1901 ಎಂದೇ ನಿರ್ಧರಿಸಿದರು. 1971ರಲ್ಲಿ ಅದು ಕೊನೆಯದಾಗಿ ಗಟ್ಟಿಯಾಯಿತು. ಮೊದಲ ಸುತ್ತಿನಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಪಿ.ಬಿ. ಗಜೇಂದ್ರಗಡ್ಕರ್. ಹೆಸರಿನಲ್ಲೇ ಊರಿದೆ. ನಮ್ಮ ಕುಷ್ಟಗಿ, ಯಲಬುರ್ಗಾದ ಪಕ್ಕದ ಗಜೇಂದ್ರಗಡದ ಮನೆತನ ಅವರದು. ಸಾತಾರಾದಲ್ಲಿ ಹುಟ್ಟಿದರೂ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು.

ಮಿತ್ತರ್ ಪ್ರಕರಣ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಸಾಲಿಗೆ ಹೆಸರು ಹಚ್ಚಲು ಅಪ್ಪ ಕರೆದುಕೊಂಡು ಹೋದಾಗ ಮಾಸ್ತರು ಹುಡುಗನನ್ನು ಮೇಲೆ ಕೆಳಗೆ ನೋಡಿ ಜೂನ್ ಒಂದು ಎಂದು ಬರೆದುಕೊಂಡ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಆ ದಿನ ಯಾರ ಮನೆಯಲ್ಲೂ ತೊಟ್ಟಿಲು ಕಟ್ಟಿರಲಿಲ್ಲ. ಆದರೂ ನೌಕರಿ, ಬಡ್ತಿ, ಪಿಂಚಣಿ ಎಲ್ಲಕ್ಕೂ ಅದೇ ಬುನಾದಿ. ಅಂಥ ತಾರೀಖಿನ ಮೇಲೆ ಒಬ್ಬ ಮನುಷ್ಯನ ಬುದ್ಧಿಶಕ್ತಿಯ ಕೊನೆಯ ದಿನವನ್ನು ಗುರುತಿಸುವುದು ಒರಟು ವಿಧಾನ ಎಂಬುದನ್ನು ನಾನು ಒಪ್ಪುತ್ತೇನೆ.

ಹಾಗಾದರೆ ಗಡಿಯೇ ಬೇಡವೇ? ಅಮೆರಿಕದ ಫೆಡರಲ್ ನ್ಯಾಯಾಧೀಶರಿಗೆ ವಯಸ್ಸಿನ ಗಡಿ ಇಲ್ಲ. ಆಲಿವರ್ ವೆಂಡೆಲ್ ಹೋಮ್ಸ್ 1932ರಲ್ಲಿ ಕೆಲಸ ಬಿಟ್ಟಾಗ ಅವರಿಗೆ 90. ರೂತ್ ಬೇಡರ್ ಗಿನ್ಸ್‌ಬರ್ಗ್ 2020ರಲ್ಲಿ 87ರ ವಯಸ್ಸಿನಲ್ಲಿ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು. ಯಾವ ಅಧ್ಯಕ್ಷರ ಕಾಲದಲ್ಲಿ ಯಾರು ರಾಜೀನಾಮೆ ಕೊಡುತ್ತಾರೆ, ಯಾರು ಸಾಯುತ್ತಾರೆ ಎಂದು ಒಂದು ದೇಶಕ್ಕೆ ದೇಶವೇ ಕಾದು ಕೂರುವುದು ನನಗೆ ಒಪ್ಪಿಗೆಯಲ್ಲ. ಬ್ರಿಟನ್ನಿನಲ್ಲಿ 70 ಇದ್ದದ್ದನ್ನು 2022ರಲ್ಲಿ 75 ಮಾಡಿದರು, ಗಡಿ ತೆಗೆಯಲಿಲ್ಲ. ಗಡಿಯ ದೊಡ್ಡ ಗುಣ ಅದು ಯಾರ ಮುಖವನ್ನೂ ನೋಡುವುದಿಲ್ಲ ಎಂಬುದು. ಸರ್ಕಾರಕ್ಕೆ ಬೇಕಾದವರಿಗೆ ಆರು ತಿಂಗಳು ಹೆಚ್ಚು, ಬೇಡವಾದವರಿಗೆ ಆರು ತಿಂಗಳು ಕಡಿಮೆ ಮಾಡಲು ಆಗುವುದಿಲ್ಲ. ಮುಂದುವರಿಕೆಯ ಆದೇಶಕ್ಕಾಗಿ ಮಂತ್ರಿಯ ಬಾಗಿಲು ಕಾಯುವ ಅಧಿಕಾರಿ ಇರಬಹುದು. ನ್ಯಾಯಾಧೀಶ ಹಾಗೆ ಕಾಯಬಾರದು.

ಈ ಗಡಿಯನ್ನು ಅಲುಗಾಡಿಸಿದರೆ ಏನಾಗುತ್ತದೆ ಎಂಬುದನ್ನು ಹಂಗೇರಿ ಮತ್ತು ಪೋಲೆಂಡ್ ತೋರಿಸಿವೆ. ಹಂಗೇರಿಯ ಸರ್ಕಾರ 2012ರಲ್ಲಿ ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ ಒಮ್ಮೆಗೇ 62ಕ್ಕೆ ಇಳಿಸಿತು. ಹಿರಿಯರ ಒಂದು ಸಾಲೇ ಖಾಲಿಯಾಯಿತು. ಪೋಲೆಂಡ್ 2018ರಲ್ಲಿ ತನ್ನ ಸುಪ್ರೀಂ ಕೋರ್ಟಿನವರಿಗೆ 70ರ ಬದಲು 65 ಎಂದಿತು. ಆ ಕೋರ್ಟಿನ ಅಧ್ಯಕ್ಷೆ ಮಾವ್ಗೊಜಾತಾ ಗೆರ್ಸ್‌ಡಾರ್ಫ್ ಒಪ್ಪದೆ ಕೆಲಸಕ್ಕೆ ಬಂದರು. ಎರಡೂ ಪ್ರಕರಣಗಳಲ್ಲಿ ಯುರೋಪಿನ ನ್ಯಾಯಾಲಯ ಆ ದೇಶಗಳ ವಿರುದ್ಧ ತೀರ್ಪು ಕೊಟ್ಟಿತು. ಅದಕ್ಕೇ ನಾನು ಹೇಳುವುದು, ವಯಸ್ಸನ್ನು ಬದಲಿಸುವುದಾದರೆ ಸಂವಿಧಾನದ ದಾರಿಯಲ್ಲಿ, ಎಲ್ಲರಿಗೂ ಒಂದೇ ಸಲ, ಮುಂಚಿತವಾಗಿ ದಿನ ಗೊತ್ತು ಮಾಡಿ ಬದಲಿಸಬೇಕು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸಿಗೆ ಸಿವಿಲ್ ಜಡ್ಜ್ ಆಗಿ ಸೇರಿದ ಒಬ್ಬರನ್ನು ನೆನೆಸಿಕೊಳ್ಳಿ. ತಾಲ್ಲೂಕಿನಿಂದ ತಾಲ್ಲೂಕಿಗೆ ವರ್ಗವಾಗುತ್ತಾ, ಮಕ್ಕಳ ಸಾಲಿ ಬದಲಿಸುತ್ತಾ ಮೂವತ್ತು ವರ್ಷ ಕಳೆದು ಜಿಲ್ಲಾ ನ್ಯಾಯಾಧೀಶರಾಗುತ್ತಾರೆ. ಅವರಿಗೆ 58 ಆದಾಗ ಹೈಕೋರ್ಟಿಗೆ ಆಯ್ಕೆಯಾದರೆ 62ರವರೆಗೆ ತೀರ್ಪು ಕೊಡಬಹುದು. ಆಯ್ಕೆಯಾಗದಿದ್ದರೆ 60 ತುಂಬಿದ ತಿಂಗಳ ಕೊನೆಗೆ ಮನೆ. ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದರೆ 65. ಮನುಷ್ಯ ಒಬ್ಬರೇ, ಕಣ್ಣು ಕಿವಿ ನೆನಪು ಒಂದೇ. ಕುರ್ಚಿ ಬದಲಾದರೆ ಅವರ ಬುದ್ಧಿಗೆ ಮೂರು ವರ್ಷ ಹೆಚ್ಚುವುದು ಹೇಗೆ? ಇನ್ನೂ ಒಂದು ಮಾತಿದೆ. ಸಾಕ್ಷಿದಾರನ ಮುಖ ನೋಡಿ, ಅವನ ತಡವರಿಕೆ ಕೇಳಿ, ಸುಳ್ಳು ನಿಜ ತೂಗುವ ಕೆಲಸ ನಡೆಯುವುದು ಕೆಳಗಿನ ಕೋರ್ಟಿನಲ್ಲಿ. ಮೇಲಿನವರು ಬಹುಮಟ್ಟಿಗೆ ಕಾಗದ ಓದುತ್ತಾರೆ. ಅನುಭವ ಎಲ್ಲಿ ಹೆಚ್ಚು ಬೇಕೋ ಅಲ್ಲೇ ನಾವು ಬೇಗ ಬೀಳ್ಕೊಡುತ್ತಿದ್ದೇವೆ.

ಕೆಳ ನ್ಯಾಯಾಲಯಗಳ 60 ಕೂಡ ಸುಲಭವಾಗಿ ಸಿಕ್ಕಿದ್ದಲ್ಲ. ಅಖಿಲ ಭಾರತ ನ್ಯಾಯಾಧೀಶರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿ, 1991ರಲ್ಲಿ ಎಲ್ಲ ರಾಜ್ಯಗಳಲ್ಲೂ 60 ಮಾಡಿ ಎಂಬ ಆದೇಶ ತಂದಿತು. 58ಕ್ಕೆ ಕೆಲಸ ಪರಿಶೀಲಿಸಿ ಯೋಗ್ಯರನ್ನು ಮಾತ್ರ ಮುಂದುವರಿಸಿ ಎಂದು 1993ರಲ್ಲಿ ಸೇರಿಸಿದರು. ಆ ಮೇಲೆ 1996ರಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ನೇತೃತ್ವದಲ್ಲಿ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗ ಬಂತು. ಕೆಳಗಿನ ನ್ಯಾಯಾಧೀಶರ ಸಂಬಳ, ಮನೆ, ಗ್ರಂಥಾಲಯ ಎಲ್ಲವನ್ನೂ ಕೂಲಂಕಷವಾಗಿ ನೋಡಿದ ಆಯೋಗ ಅದು. 1999ರ ವರದಿಯಲ್ಲಿ ಜಿಲ್ಲಾ ನ್ಯಾಯಾಧೀಶರಿಗೂ 62 ಕೊಡಿ ಎಂದರು. 2002ರಲ್ಲಿ ಸುಪ್ರೀಂ ಕೋರ್ಟು ಆಯೋಗದ ಬಹುಪಾಲು ಶಿಫಾರಸುಗಳನ್ನು ಒಪ್ಪಿದರೂ ಇದನ್ನು ತಳ್ಳಿತು. ಸುಪ್ರೀಂ ಕೋರ್ಟಿಗೂ ಹೈಕೋರ್ಟಿಗೂ ನಡುವೆ ವಯಸ್ಸಿನ ಅಂತರ ಇದೆ, ಹೈಕೋರ್ಟಿಗೂ ಜಿಲ್ಲೆಗೂ ನಡುವೆ ಅಂತರ ಇರಬೇಕು ಎಂಬುದು ಕಾರಣ. ಸುಪ್ರೀಂ ಕೋರ್ಟಿನ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದು ಮೆಟ್ಟಿಲಿನ ಎತ್ತರ ಕಾಪಾಡುವ ಕಾರಣ. ಕಕ್ಷಿದಾರನಿಗೆ ಅದರಿಂದ ಸಿಗುವುದೇನೂ ಇಲ್ಲ.

ಮೇಲಿನ ಎರಡು ಅಂಕಿಗಳನ್ನು ಬದಲಿಸುವ ಪ್ರಯತ್ನವೂ ಆಗಿದೆ. 1993ರ ಫೆಬ್ರುವರಿಯಿಂದ 1994ರ ಅಕ್ಟೋಬರ್‌ವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ನಮ್ಮ ಎಂ.ಎನ್. ವೆಂಕಟಾಚಲಯ್ಯ ಅವರು ಸಂವಿಧಾನದ ಕಾರ್ಯನಿರ್ವಹಣೆಯನ್ನು ಪರಿಶೀಲಿಸುವ ಆಯೋಗದ ಅಧ್ಯಕ್ಷರಾಗಿ 2002ರಲ್ಲಿ ವರದಿ ಕೊಟ್ಟರು. ಹೈಕೋರ್ಟಿಗೆ 65, ಸುಪ್ರೀಂ ಕೋರ್ಟಿಗೆ 68 ಎಂದು ಅದರಲ್ಲಿದೆ. 2010ರಲ್ಲಿ ಹೈಕೋರ್ಟಿನ ವಯಸ್ಸನ್ನು 65 ಮಾಡುವ ಮಸೂದೆ ಲೋಕಸಭೆಗೆ ಬಂತು. ನಾಲ್ಕು ವರ್ಷ ಅಲ್ಲೇ ಬಿದ್ದಿದ್ದು, 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ತಾನೂ ಬಿದ್ದುಹೋಯಿತು.

ಮೂರು ವಯಸ್ಸಿನಿಂದ ಇನ್ನೊಂದು ಕೆಡುಕಿದೆ. 62ರ ಅಂಚಿನಲ್ಲಿರುವ ಹೈಕೋರ್ಟ್ ನ್ಯಾಯಮೂರ್ತಿಯ ಮುಂದೆ ಇನ್ನೂ ಮೂರು ವರ್ಷದ ಆಸೆ ತೂಗುತ್ತಿರುತ್ತದೆ. ಆ ಆಸೆಗೆ ಯಾರೂ ಮಣಿಯುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ಅಂಥ ಪರೀಕ್ಷೆಗೆ ಅವರನ್ನು ಒಡ್ಡುವುದು ಯಾಕೆ? ನಿವೃತ್ತಿಯಾದ ಮೇಲಿನ ಹುದ್ದೆಗಳ ಮಾತೂ ಹೀಗೇ. ಎಂ.ಸಿ. ಸೆತಲ್ವಾಡ್ ಅವರ ಅಧ್ಯಕ್ಷತೆಯ ಕಾನೂನು ಆಯೋಗ 1958ರಷ್ಟು ಹಿಂದೆಯೇ, ಸುಪ್ರೀಂ ಕೋರ್ಟ್ ನ್ಯಾಯಾಧೀಶರು ನಿವೃತ್ತಿಯ ನಂತರ ಸರ್ಕಾರ ಕೊಡುವ ಹುದ್ದೆ ಹಿಡಿಯಬಾರದು ಎಂದಿತ್ತು. ಯಾರೂ ಕೇಳಲಿಲ್ಲ.

ಆದರೆ ಇಲ್ಲಿ ಒಂದು ಇಕ್ಕಟ್ಟು ಇದೆ, ಅದನ್ನು ಮುಚ್ಚಿಡಲಾರೆ. ಹದಿನೈದು ಇಪ್ಪತ್ತು ವರ್ಷದ ಹಿಂದೆ ನಮ್ಮ ಮುಂದಿನ ಹೆದ್ದಾರಿಯಲ್ಲಿ, ಆಗ ಅದರ ಸಂಖ್ಯೆ 63, ಹಗಲು ರಾತ್ರಿ ಅದಿರಿನ ಲಾರಿಗಳು ಹೊಸಪೇಟೆ ಕಡೆಯಿಂದ ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಬೇಲೆಕೇರಿ ಬಂದರಿಗೆ ಓಡುತ್ತಿದ್ದುದನ್ನು ನೀವೂ ನೋಡಿದ್ದೀರಿ. ರಸ್ತೆ ಬದಿಯ ಗಿಡಗಳೆಲ್ಲ ಕೆಂಪಾಗಿದ್ದವು. ಅದರ ಹಿಂದಿನ ಅಕ್ರಮ ಗಣಿಗಾರಿಕೆಯನ್ನು ದಾಖಲೆ ಸಮೇತ ಬಿಚ್ಚಿಟ್ಟವರು ಲೋಕಾಯುಕ್ತರಾಗಿದ್ದ ಎನ್. ಸಂತೋಷ್ ಹೆಗ್ಡೆ. 2005ರಲ್ಲಿ ಅವರಿಗೆ 65 ತುಂಬಿತೆಂದು ಸುಪ್ರೀಂ ಕೋರ್ಟು ಬೀಳ್ಕೊಟ್ಟಿತ್ತು. 2011ರ ಜುಲೈನಲ್ಲಿ ಅವರ ವರದಿ ಬಂದಾಗ ಅವರಿಗೆ 71. ಆ ತಿಂಗಳ ಕೊನೆಯಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಹೆಗ್ಡೆ ಅವರಿಗಿಂತ ಮೊದಲು ಲೋಕಾಯುಕ್ತರಾಗಿದ್ದ ಎನ್. ವೆಂಕಟಾಚಲ ಅವರೂ ಎಪ್ಪತ್ತು ದಾಟಿದ ಮೇಲೆಯೇ ಜಿಲ್ಲೆ ಜಿಲ್ಲೆ ತಿರುಗಿ ಕಚೇರಿಗಳಲ್ಲಿ ನಡುಕ ಹುಟ್ಟಿಸಿದವರು. ಗಜೇಂದ್ರಗಡ್ಕರ್ ಅವರು 1966ರಲ್ಲಿ ನಿವೃತ್ತರಾಗಿ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಯಾದರು, ಕಾರ್ಮಿಕ ಆಯೋಗ, ಕಾನೂನು ಆಯೋಗ ಎರಡನ್ನೂ ನಡೆಸಿದರು. ಇವರೆಲ್ಲ ದುಡಿದದ್ದು ನಮಗೆ ಲಾಭವೇ. ಹಾಗಾಗಿ ನಾನು ಸೆತಲ್ವಾಡರಷ್ಟು ದೂರ ಹೋಗಲಾರೆ. ನಿವೃತ್ತಿಯ ನಂತರ ಎರಡು ವರ್ಷ ಯಾವ ಸರ್ಕಾರಿ ಹುದ್ದೆಯೂ ಬೇಡ, ಆಮೇಲೆ ಬರಲಿ ಎಂಬಷ್ಟಕ್ಕೆ ನಿಲ್ಲುತ್ತೇನೆ.

ಮತ್ತೆ ನಮ್ಮ ಕಕ್ಷಿದಾರನ ಹತ್ತಿರ ಬರೋಣ. ನ್ಯಾಯಾಧೀಶರು ಹೋದರೆ ಅರ್ಧ ನಡೆದ ಕೇಸು ಏನಾಗುತ್ತದೆ? ಕ್ರಿಮಿನಲ್ ವಿಚಾರಣೆಯಲ್ಲಿ ಹಿಂದಿನವರು ಬರೆದುಕೊಂಡ ಸಾಕ್ಷ್ಯದ ಮೇಲೆಯೇ ಹೊಸಬರು ಮುಂದುವರಿಯಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 326ನೆಯ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 365ನೆಯದು, ಇದನ್ನು ಹೇಳುತ್ತದೆ. ಸಿವಿಲ್ ದಾವೆಯಲ್ಲಿ ಹಿಂದಿನವರು ಬರೆದಿಟ್ಟು ಓದದೆ ಹೋದ ತೀರ್ಪನ್ನು ಹೊಸಬರು ಓದಬೇಕು. ಆದರೆ ವಾದ ಕೇಳಿ ತೀರ್ಪು ಬರೆಯದೆ ಹೋದರೆ ವಾದ ಮತ್ತೆ ಮೊದಲಿನಿಂದ. ಭಾಗ್ಯನಗರದಲ್ಲಿ ಅರ್ಧ ನೇಯ್ದ ಸೀರೆಯ ಮುಂದೆ ಬೇರೆ ನೇಕಾರ ಕೂತರೆ ನೇಯ್ಗೆ ನಿಲ್ಲುವುದಿಲ್ಲ, ಆದರೆ ಕೈ ಬದಲಾದ ಜಾಗ ಬಲ್ಲವರ ಕಣ್ಣಿಗೆ ಕಂಡೇ ಕಾಣುತ್ತದೆ. ಕೇಸಿನಲ್ಲೂ ಅಷ್ಟೇ.

ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನೇ ತೆಗೆದುಕೊಳ್ಳಿ. 2014ರ ಆಗಸ್ಟ್‌ನಲ್ಲಿ ಅಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ಜಿಲ್ಲಾ ನ್ಯಾಯಾಲಯ ತೀರ್ಪು ಕೊಟ್ಟದ್ದು 2024ರ ಅಕ್ಟೋಬರ್ 24ಕ್ಕೆ. 101 ಜನ ಅಪರಾಧಿಗಳು, 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ. ಅಲ್ಲಿಂದ ಅದು ಧಾರವಾಡದ ಪೀಠಕ್ಕೆ ಮೇಲ್ಮನವಿಗೆ ಹೋಯಿತು. ಕೆಳಗೆ ಹತ್ತು ವರ್ಷ ಹಿಡಿದ ಇಂಥ ಕೇಸುಗಳನ್ನು ಒಬ್ಬರೇ ನ್ಯಾಯಾಧೀಶರು ಮೊದಲಿನಿಂದ ಕೊನೆಯವರೆಗೆ ನಡೆಸುವುದು ಅಪರೂಪ. ವರ್ಗಾವಣೆಯೂ ಇದಕ್ಕೆ ಕಾರಣ ಎಂಬುದು ನಿಜ. ಆದರೆ ವರ್ಗವಾದವರು ಇನ್ನೊಂದು ಊರಿನಲ್ಲಾದರೂ ಕೆಲಸ ಮಾಡುತ್ತಿರುತ್ತಾರೆ. ನಿವೃತ್ತರಾದವರ ಮೂವತ್ತು ವರ್ಷದ ಕಸುಬು ಅವರ ಜೊತೆಗೇ ಹೊರಟುಹೋಗುತ್ತದೆ.

ಕೊನೆಯ ದಿನವನ್ನು ಹೇಗೆ ಮುಗಿಸಬೇಕು ಎಂಬುದಕ್ಕೆ ಎರಡು ನಿದರ್ಶನ ನನ್ನ ಮನಸ್ಸಿನಲ್ಲಿವೆ. ಮದ್ರಾಸ್ ಹೈಕೋರ್ಟಿನ ಒಬ್ಬ ನ್ಯಾಯಾಧೀಶರು 2017ರ ಏಪ್ರಿಲ್‌ನಲ್ಲಿ ಒಂದು ಸಾಲಿನ ತೀರ್ಪು ಹೇಳಿ, ಮೇ ತಿಂಗಳಲ್ಲಿ ನಿವೃತ್ತರಾಗಿ, ಇನ್ನೂರೈವತ್ತಕ್ಕೂ ಹೆಚ್ಚು ಪುಟದ ಕಾರಣಗಳನ್ನು ಅಕ್ಟೋಬರ್‌ನಲ್ಲಿ ಹೊರಬಿಟ್ಟರು. 2024ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿ ಕೇಸನ್ನು ಹೊಸದಾಗಿ ಕೇಳಲು ಕಳಿಸಿತು. ಆ ಪೀಠದಲ್ಲಿದ್ದವರು, ಮೊದಲು ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ. 2025ರ ಮೇ 23 ಸ್ವತಃ ಅವರ ಕೊನೆಯ ಕೆಲಸದ ದಿನ. ತಾಯಿಯ ಅಂತ್ಯಕ್ರಿಯೆ ಮುಗಿಸಿ ಮರುದಿನವೇ ದಿಲ್ಲಿಗೆ ಬಂದು ಅಂದು ಹನ್ನೊಂದು ತೀರ್ಪು ಓದಿ ಇಳಿದರು. ಯಾವ ಕಕ್ಷಿದಾರನ ಕಾಗದವೂ ತಮ್ಮ ಮೇಜಿನ ಮೇಲೆ ಉಳಿಯಬಾರದು ಎಂಬ ಆ ಕಾಳಜಿಗೆ ನಾನು ಕೈ ಮುಗಿಯುತ್ತೇನೆ.

ಹಿರಿಯರು ಉಳಿದರೆ ಕಿರಿಯರಿಗೆ ಜಾಗವೆಲ್ಲಿ ಎಂದು ಯುವ ವಕೀಲರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಕರ್ನಾಟಕ ಹೈಕೋರ್ಟಿಗೆ ಮಂಜೂರಾದ 62 ಕುರ್ಚಿಗಳು ಒಟ್ಟಿಗೆ ತುಂಬಿದ್ದು ಅಪರೂಪ. ಇಂಥ ದಿನ ಇಂಥವರು ನಿವೃತ್ತರಾಗುತ್ತಾರೆ ಎಂಬುದು ಅವರು ನೇಮಕವಾದ ದಿನವೇ ಗೊತ್ತಿರುತ್ತದೆ. ಆದರೂ ಜಾಗ ಖಾಲಿ ಬೀಳುತ್ತದೆ, ವರ್ಷಗಟ್ಟಲೆ ಹಾಗೇ ಇರುತ್ತದೆ. ಖಾಲಿ ಕುರ್ಚಿ ತುಂಬಿದರೆ ಕಿರಿಯರಿಗೂ ಜಾಗ ಆಗುತ್ತದೆ, ಹಿರಿಯರೂ ಉಳಿಯುತ್ತಾರೆ. ಕೆಲಸ ಮಾಡದವರನ್ನು, ಕೈ ಶುದ್ಧವಿಲ್ಲದವರನ್ನು 58ರ ಪರಿಶೀಲನೆಯಲ್ಲಿ ಮನೆಗೆ ಕಳಿಸುವ ದಾರಿ ಈಗಲೂ ಇದೆ, ಅದು ಇನ್ನಷ್ಟು ಬಿಗಿಯಾಗಲಿ.

ನಾನು ಕೇಳುವುದು ಮೂರೂ ಕೋರ್ಟಿಗೆ 65 ಎಂಬ ಒಂದೇ ವಯಸ್ಸು. ಅದು ಬರಬೇಕಾದರೆ ದಾರಿ ಎರಡು. ಹೈಕೋರ್ಟಿಗೆ ಸಂವಿಧಾನದ ತಿದ್ದುಪಡಿ ಬೇಕು. ಸಂಸತ್ತಿನಲ್ಲಿ ಆದರೆ ಸಾಲದು, ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳೂ ಒಪ್ಪಬೇಕು. ಅಂದರೆ ಬೆಂಗಳೂರಿನ ವಿಧಾನಸೌಧಕ್ಕೂ ಅದರಲ್ಲಿ ಮಾತಿದೆ. ಜಿಲ್ಲಾ ನ್ಯಾಯಾಧೀಶರಿಗೆ ಅಷ್ಟು ದೂರ ಹೋಗಬೇಕಿಲ್ಲ. ಪಕ್ಕದ ತೆಲಂಗಾಣದಲ್ಲಿ ಆಗಲೇ 61 ಆಗಿದೆ. ಮಧ್ಯಪ್ರದೇಶದಲ್ಲೂ 61 ಮಾಡಲು ಅಡ್ಡಿಯಿಲ್ಲ ಎಂದು 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. 2002ರಲ್ಲಿ ಅದೇ ಕೋರ್ಟು ಮುಚ್ಚಿದ ಬಾಗಿಲು ಸ್ವಲ್ಪ ತೆರೆದಿದೆ. ಕರ್ನಾಟಕದ ಸರ್ಕಾರ ಮತ್ತು ಹೈಕೋರ್ಟ್ ಕೂತು ಮಾತಾಡಿದರೆ ಮೊದಲ ಹೆಜ್ಜೆಯನ್ನು ಇಲ್ಲೇ ಇಡಬಹುದು. ಕೊಪ್ಪಳ ಜಿಲ್ಲೆಯಿಂದ ವಿಧಾನಸಭೆಗೆ ಐವರನ್ನು ಕಳಿಸುತ್ತೇವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ವಕೀಲರು ಸೇರಿ ಒಂದು ಪುಟದ ಠರಾವು ಬರೆದು ಆ ಐವರ ಕೈಗೂ ಕೊಡಲಿ, ಸದನದಲ್ಲಿ ಒಂದು ಪ್ರಶ್ನೆ ಕೇಳಿಸಲಿ ಎಂಬುದು ಅವರಲ್ಲಿ ನನ್ನ ವಿನಂತಿ.